ನೀಲಾಂಗರೈಯಿಂದ ಬೆಸೆಂಟ್ ನಗರದವರೆಗೆ, ಆಮೆಯ ಜಾಡು ಹಿಡಿದು

ಚೆನ್ನೈನಲ್ಲಿರುವ ಕನ್ನಡಿಗರನ್ನು "ಈ ಊರಲ್ಲಿ ನಿಮಗೇನು ಇಷ್ಟ?" ಎಂದು ಕೇಳಿ ನೋಡಿ. ಕೆಲವರು ಡಿಸೆಂಬರ್ ತಿಂಗಳ ಸಂಗೀತ ಕಚೇರಿಗಳು ಎನ್ನುತ್ತಾರೆ, ಕೆಲವರು ಮೈಲಾಪುರದ ಕಾಫಿ ಎನ್ನುತ್ತಾರೆ. ಬಹಳಷ್ಟು ಜನ ಸ್ವಲ್ಪ ಯೋಚಿಸಿ, "ಬೆಂಗಳೂರಿಗೆ ಹೋಗುವ ಶತಾಬ್ದಿ" ಎಂದು ನಗುತ್ತಾರೆ. ನನ್ನನ್ನು ಕೇಳಿದರೆ ಜನವರಿಯಿಂದ ಮಾರ್ಚ್‌ವರೆಗಿನ ರಾತ್ರಿಗಳು ಎನ್ನುತ್ತೇನೆ. ಆ ಮೂರು ತಿಂಗಳು ನನ್ನ ಶನಿವಾರಗಳು ರಾತ್ರಿ ಹನ್ನೊಂದಕ್ಕೆ ಶುರುವಾಗಿ ಭಾನುವಾರ ಬೆಳಗಿನ ಜಾವ ಐದಕ್ಕೆ ಮುಗಿಯುತ್ತವೆ. ಕಡಲಾಮೆಗಳ ಮೊಟ್ಟೆ ಹುಡುಕಿಕೊಂಡು ಮರಳಿನಲ್ಲಿ ಏಳು ಕಿಲೋಮೀಟರ್ ನಡೆಯುವುದು ನನ್ನ ಕೆಲಸ. ಸಂಬಳವಿಲ್ಲ, ಸರ್ಟಿಫಿಕೇಟೂ ಇಲ್ಲ.

ನನ್ನೂರು ಕುಂದಾಪುರದ ಹತ್ತಿರದ ಗಂಗೊಳ್ಳಿ. ಎಂ.ಟೆಕ್ ಮುಗಿಸಿ, ಬೆಂಗಳೂರಿನಲ್ಲಿ ಒಂದಷ್ಟು ವರ್ಷ ದುಡಿದು, ಮದುವೆಯಾದ ಮೇಲೆ ಚೆನ್ನೈಗೆ ಬಂದವಳು. ಓಎಂಆರ್ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ಕೆಲಸ, ತಿರುವಾನ್ಮಿಯೂರಿನಲ್ಲಿ ಮನೆ. ಮನೆಯಿಂದ ಹತ್ತು ನಿಮಿಷ ನಡೆದರೆ ಸಮುದ್ರ. ಆದರೆ ಮೊದಲ ಒಂದೆರಡು ವರ್ಷ ಈ ಸಮುದ್ರ ನನ್ನದು ಅನ್ನಿಸಿರಲಿಲ್ಲ. ನಮ್ಮೂರಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ, ಇಲ್ಲಿ ಕಡಲಿನಿಂದ ಏಳುತ್ತಾನೆ. ಅಲ್ಲಿ ಜೂನ್‌ನಲ್ಲಿ ಬರುವ ಮಳೆ ಇಲ್ಲಿಗೆ ನವೆಂಬರ್‌ನಲ್ಲಿ ಬರುತ್ತದೆ. ಮೀನಿನ ಹೆಸರುಗಳೇ ಬೇರೆ. ಬಂಗುಡೆಗೆ ಇಲ್ಲಿ ಅಯಲ, ಅಂಜಲ್‌ಗೆ ವಂಜಿರಂ. ಮಾರ್ಕೆಟ್ಟಿನಲ್ಲಿ ಕೈ ತೋರಿಸಿ ಮೀನು ಕೊಂಡ ದಿನಗಳು ಎಷ್ಟೋ.

ಈ ಸಮುದ್ರದ ಪರಿಚಯ ಮಾಡಿಸಿದ್ದು ಆಮೆಗಳೇ. ನಮ್ಮ ಟೀಮಿನ ಹುಡುಗನೊಬ್ಬ ಒಮ್ಮೆ "ಟರ್ಟಲ್ ವಾಕ್‌ಗೆ ಬರ್ತೀರಾ?" ಎಂದು ಕೇಳಿದ. ಟೀಮ್ ಔಟಿಂಗ್ ಎಂದುಕೊಂಡು ಹೋದೆ. ಅಂದು ಒಂದು ಆಮೆಯೂ ಸಿಗಲಿಲ್ಲ. ಮುಂದಿನ ವಾರ ಮತ್ತೆ ಹೋದೆ, ಆಮೇಲೆ ಬಿಡಲಿಲ್ಲ.

ಇಲ್ಲಿಗೆ ಬರುವುದು ಆಲಿವ್ ರಿಡ್ಲಿ ಜಾತಿಯ ಕಡಲಾಮೆ. ಒಡಿಶಾದ ಗಹಿರ್ಮಾಥಾ, ಋಷಿಕುಲ್ಯಾಗಳಲ್ಲಿ ಒಂದೇ ವಾರದಲ್ಲಿ ಲಕ್ಷಗಟ್ಟಲೆ ಬಂದು ಮೊಟ್ಟೆಯಿಡುತ್ತವಲ್ಲ, ಅವೇ. ಚೆನ್ನೈಗೆ ಹಾಗೆ ಹಿಂಡುಹಿಂಡಾಗಿ ಬರುವುದಿಲ್ಲ. ರಾತ್ರಿಗೆ ಒಂದು, ಎರಡು, ಒಳ್ಳೆಯ ದಿನವಾದರೆ ಇನ್ನಷ್ಟು. ಹೆಣ್ಣಾಮೆ ಮರಳೇರಿ ಬಂದು, ಹಿಂಗಾಲುಗಳಿಂದ ಹೂಜಿಯ ಆಕಾರದ ಗುಂಡಿ ತೋಡಿ, ನೂರರ ಆಸುಪಾಸಿನಷ್ಟು ಮೊಟ್ಟೆಯಿಟ್ಟು, ಮರಳು ಮುಚ್ಚುತ್ತದೆ. ಕೊನೆಗೆ ಮೈಯನ್ನು ಎಡಕ್ಕೂ ಬಲಕ್ಕೂ ಕುಟ್ಟಿ ಮರಳು ಗಟ್ಟಿ ಮಾಡಿ ಹೊರಟುಹೋಗುತ್ತದೆ. ಒಟ್ಟು ಒಂದು ಗಂಟೆಯ ಕೆಲಸ. ಅಷ್ಟು ಹೊತ್ತೂ ಕಣ್ಣಿನಿಂದ ನೀರು ಸುರಿಯುತ್ತಿರುತ್ತದೆ. ನೋಡಿದವರು ಅಳುತ್ತಿದೆ ಎನ್ನುತ್ತಾರೆ. ಮೈಯೊಳಗಿನ ಹೆಚ್ಚುವರಿ ಉಪ್ಪನ್ನು ಹೊರಹಾಕುವ ಗ್ರಂಥಿಯ ಕೆಲಸ ಅದು. ಗೊತ್ತಿದ್ದರೂ, ಕಣ್ಣೆದುರು ನೋಡುವಾಗ ನನಗೂ ಅಳುವಂತೆಯೇ ಕಾಣುತ್ತದೆ.

ಈ ನಡಿಗೆಗೆ ಐವತ್ತು ವರ್ಷಗಳ ಇತಿಹಾಸವಿದೆ. 1970ರ ದಶಕದ ಮೊದಲ ವರ್ಷಗಳಲ್ಲಿ ರೋಮುಲಸ್ ವಿಟೇಕರ್ ಅವರ ಮದ್ರಾಸ್ ಹಾವಿನ ಪಾರ್ಕಿನ ಬಳಗ ಇದನ್ನು ಶುರುಮಾಡಿತು. ಆ ಗುಂಪಿಗೆ ಬಂದು ಸೇರಿದವರಲ್ಲಿ ಸತೀಶ್ ಭಾಸ್ಕರ್ ಒಬ್ಬರು. ಐಐಟಿ ಮದ್ರಾಸಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದವರು ಓದು ಬಿಟ್ಟು ಆಮೆಗಳ ಹಿಂದೆ ಹೋದರು, ಭಾರತದ ಕರಾವಳಿಯ ಸಾವಿರಾರು ಕಿಲೋಮೀಟರ್ ನಡೆದರು. 1982ರ ಮಳೆಗಾಲದಲ್ಲಿ ಲಕ್ಷದ್ವೀಪದ ಸುಹೇಲಿ ಎಂಬ ಜನವಸತಿಯಿಲ್ಲದ ದ್ವೀಪದಲ್ಲಿ ತಿಂಗಳುಗಟ್ಟಲೆ ಒಬ್ಬರೇ ಉಳಿದು ಆಮೆಗಳನ್ನು ಎಣಿಸಿದರು. ಅಲ್ಲಿಂದ ಹೆಂಡತಿಗೆ ಪತ್ರ ಬರೆದು ಬಾಟಲಿಯಲ್ಲಿ ಹಾಕಿ ಸಮುದ್ರಕ್ಕೆ ಎಸೆದಿದ್ದರಂತೆ. ಅದು ಶ್ರೀಲಂಕಾದ ಮೀನುಗಾರನೊಬ್ಬನಿಗೆ ಸಿಕ್ಕಿ, ಅವನು ಅಂಚೆಗೆ ಹಾಕಿ, ಪತ್ರ ಮನೆಗೂ ತಲುಪಿತು. ಎಂಜಿನಿಯರುಗಳಾದ ನಾವು ಎರಡು ದಿನ ನೆಟ್‌ವರ್ಕ್ ಇಲ್ಲದಿದ್ದರೆ ಕಂಗಾಲಾಗುತ್ತೇವೆ ಎಂಬುದು ಇದನ್ನು ಓದುವಾಗಲೆಲ್ಲ ನೆನಪಾಗುತ್ತದೆ. 1988ರಿಂದ ಈ ಕೆಲಸವನ್ನು ಸ್ಟೂಡೆಂಟ್ಸ್ ಸೀ ಟರ್ಟಲ್ ಕನ್ಸರ್ವೇಷನ್ ನೆಟ್‌ವರ್ಕ್ ನಡೆಸಿಕೊಂಡು ಬಂದಿದೆ. ಹೆಸರೇ ಹೇಳುವಂತೆ ವಿದ್ಯಾರ್ಥಿಗಳ ಬಳಗ. ನಾನು ಅಲ್ಲಿ ಎಲ್ಲರಿಗೂ "ಅಕ್ಕಾ".

ನಡಿಗೆ ಹೇಗಿರುತ್ತದೆ ಎಂದು ಕೇಳುವವರಿಗಾಗಿ ಹೇಳುತ್ತೇನೆ. ನೀಲಾಂಗರೈಯಲ್ಲಿ ಶುರು. ಪಾಲವಾಕ್ಕಂ, ಕೊಟ್ಟಿವಾಕ್ಕಂ, ತಿರುವಾನ್ಮಿಯೂರು ದಾಟಿ ಬೆಸೆಂಟ್ ನಗರದ ಬೀಚಿಗೆ ಬಂದು ಮುಗಿಯುತ್ತದೆ. ಟಾರ್ಚ್ ಹಾಕುವಂತಿಲ್ಲ, ಮೊಬೈಲ್ ಬೆಳಗಿಸುವಂತಿಲ್ಲ. ಹತ್ತು ನಿಮಿಷದಲ್ಲಿ ಕಣ್ಣು ಕತ್ತಲೆಗೆ ಒಗ್ಗಿಕೊಳ್ಳುತ್ತದೆ. ಮುಂದೆ ಹೋಗುವವರು ಅಲೆ ಬಂದು ಹೋಗುವ ಗೆರೆಯ ಮೇಲೆ ಕಣ್ಣಿಟ್ಟಿರುತ್ತಾರೆ. ಆಮೆ ಮೇಲೆ ಬಂದಿದ್ದರೆ ಮರಳಿನಲ್ಲಿ ಸಣ್ಣ ಟ್ರ್ಯಾಕ್ಟರ್ ಹೋದಂತೆ ಜಾಡು ಕಾಣುತ್ತದೆ. ಹೋದ ಜಾಡು ಒಂದು, ಹಿಂದಿರುಗಿದ ಜಾಡು ಒಂದು. ಎರಡೂ ಕೂಡುವ ಕಡೆ ಮರಳು ಕೆದರಿರುತ್ತದೆ. ಅಲ್ಲಿ ಒಂದು ಕೋಲನ್ನು ಮೆಲ್ಲಗೆ ಊರುತ್ತಾ ಹೋಗಬೇಕು. ಎಲ್ಲ ಕಡೆ ಗಟ್ಟಿಯಾಗಿ ತಡೆಯುವ ಮರಳು ಒಂದು ಜಾಗದಲ್ಲಿ ಕೋಲನ್ನು ಸರಕ್ಕನೆ ಒಳಗೆ ಬಿಟ್ಟುಕೊಳ್ಳುತ್ತದೆ. ಅದೇ ಗೂಡಿನ ಕೊರಳು. ಆಮೇಲೆ ಕೋಲು ಬದಿಗಿಟ್ಟು ಬರಿಗೈಯಲ್ಲಿ ತೋಡುವುದು. ಸುಮಾರು ಒಂದೂವರೆ ಅಡಿ ಆಳ. ತೋಳು ಭುಜದವರೆಗೆ ಮರಳೊಳಗೆ ಹೋದಾಗ ಬೆರಳ ತುದಿಗೆ ಮೊದಲ ಮೊಟ್ಟೆ ತಾಗುತ್ತದೆ. ಕೋಳಿಮೊಟ್ಟೆಯಂತೆ ಗಡಸಲ್ಲ. ಪಿಂಗ್‌ಪಾಂಗ್ ಚೆಂಡಿನಷ್ಟು ದೊಡ್ಡದು, ತೊಗಲಿನಂತೆ ಮೆತ್ತಗೆ, ಒತ್ತಿದರೆ ಗುಳಿ ಬೀಳುವಂಥದ್ದು.

ಒಂದೊಂದನ್ನೇ ತೆಗೆದು, ಎಣಿಸಿ, ಅದೇ ಗೂಡಿನ ಒದ್ದೆ ಮರಳಿನೊಂದಿಗೆ ಬಟ್ಟೆಚೀಲದಲ್ಲಿ ಇಡುತ್ತೇವೆ. ಗೂಡಿನ ಆಳ ಅಗಲ ಅಳೆದು ಬರೆದುಕೊಳ್ಳುತ್ತೇವೆ. ಬೆಸೆಂಟ್ ನಗರದ ಹತ್ತಿರ ಬೇಲಿ ಹಾಕಿದ ಜಾಗವೊಂದಿದೆ, ಅದೇ ಹ್ಯಾಚರಿ. ಅಲ್ಲಿ ಅಷ್ಟೇ ಆಳದ, ಅದೇ ಆಕಾರದ ಗುಂಡಿ ತೋಡಿ ಮೊಟ್ಟೆಗಳನ್ನು ಮತ್ತೆ ಮರಳಿಗೆ ಸೇರಿಸುತ್ತೇವೆ. ಇದೆಲ್ಲ ಕೆಲವೇ ಗಂಟೆಗಳೊಳಗೆ ಆಗಬೇಕು. ತಡವಾದರೆ ಭ್ರೂಣ ಮೊಟ್ಟೆಯ ಒಳಗೋಡೆಗೆ ಅಂಟಿಕೊಳ್ಳುತ್ತದೆ, ಆಮೇಲೆ ಅಲುಗಾಡಿಸಿದರೆ ಸತ್ತುಹೋಗುತ್ತದೆ. ಕಡಲಾಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ. ಅರಣ್ಯ ಇಲಾಖೆಯ ಅನುಮತಿಯಿರುವ ಬಳಗ ಮಾತ್ರ ಮೊಟ್ಟೆ ಮುಟ್ಟಬಹುದು. ಬೀಚಿನಲ್ಲಿ ಗೂಡು ಕಂಡರೆ ಯಾರೂ ತಾವೇ ಅಗೆಯಲು ಹೋಗಬಾರದು.

ಮೊಟ್ಟೆಯಿಟ್ಟಲ್ಲೇ ಬಿಟ್ಟರೇನು ಎಂದು ನಾನೂ ಕೇಳಿದ್ದೆ. ನಾಯಿಗಳು ತಿನ್ನುತ್ತವೆ ಎಂಬುದು ಒಂದು ಉತ್ತರ. ಅದಕ್ಕಿಂತ ದೊಡ್ಡ ಕಾರಣ ನಮ್ಮ ಊರಿನ ಬೆಳಕು. ನಲವತ್ತೈದು ಐವತ್ತು ದಿನಗಳ ನಂತರ ಮರಿಗಳು ಸಾಮಾನ್ಯವಾಗಿ ರಾತ್ರಿ ಹೊತ್ತಲ್ಲಿ ಮೇಲೆ ಬರುತ್ತವೆ. ಬಂದ ತಕ್ಷಣ ಎಲ್ಲಿ ಬೆಳಕಿದೆಯೋ ಅತ್ತ ತೆವಳುತ್ತವೆ. ಮನುಷ್ಯರು ದೀಪ ಹಚ್ಚುವ ಮುಂಚೆ ಬೆಳಕು ಇರುತ್ತಿದ್ದುದು ಸಮುದ್ರದ ಕಡೆಗೇ. ಅಲೆಯ ಮೇಲೆ ಚುಕ್ಕಿ ಚಂದ್ರರ ಹೊಳಪು, ಹಿಂದೆ ಕಪ್ಪು ದಿಣ್ಣೆ. ಈಗ ಹಿಂದೆ ಅಪಾರ್ಟ್‌ಮೆಂಟ್‌ಗಳಿವೆ, ಹೈಮಾಸ್ಟ್ ದೀಪಗಳಿವೆ, ನನ್ನ ಆಫೀಸಿನ ದಿಕ್ಕಿನಲ್ಲಿ ಇಡೀ ಆಕಾಶವೇ ಕಿತ್ತಳೆ ಬಣ್ಣ. ಮರಿಗಳು ಸಮುದ್ರಕ್ಕೆ ಬೆನ್ನು ಹಾಕಿ ರಸ್ತೆಯ ಕಡೆ ಹೋಗುತ್ತವೆ. ಬೆಳಗಾಗುವಷ್ಟರಲ್ಲಿ ಒಣಗಿ ಸಾಯುತ್ತವೆ, ಇಲ್ಲವೇ ಕಾಗೆಯ ಪಾಲಾಗುತ್ತವೆ.

ಹ್ಯಾಚರಿಯಲ್ಲಿ ಹುಟ್ಟಿದ ಮರಿಗಳನ್ನು ಅಲೆಯ ಹತ್ತಿರ ಬಿಟ್ಟಾಗ ಜನ ಚಪ್ಪಾಳೆ ತಟ್ಟುತ್ತಾರೆ. ನನ್ನ ಮಗಳು ಮೊದಲ ಸಲ ನೋಡಿದಾಗ ಪ್ರತಿ ಮರಿಗೂ ಹೆಸರಿಡಲು ಹೊರಟಿದ್ದಳು. ಸಾವಿರ ಮರಿಗಳಲ್ಲಿ ಒಂದು ಮಾತ್ರ ಬೆಳೆದು ದೊಡ್ಡದಾಗಬಹುದೆಂಬ ಅಂದಾಜನ್ನು ಅವಳಿಗೆ ಹೇಳಲು ಎರಡು ವರ್ಷ ಕಾದೆ. ಹೇಳಿದ ದಿನ ಅವಳು ಲೆಕ್ಕ ಹಾಕಿ, "ಹಾಗಾದ್ರೆ ಹತ್ತು ಗೂಡಿಗೆ ಒಂದು ಆಮೆ" ಎಂದಳು. ಆ ಲೆಕ್ಕದಲ್ಲೇ ದೊಡ್ಡ ಆಮೆಯ ಬೆಲೆ ಗೊತ್ತಾಗುತ್ತದೆ. ಮೊಟ್ಟೆಯಿಡಲು ಬರುವ ಒಂದೊಂದು ತಾಯಿಯೂ ಸಾವಿರದಲ್ಲಿ ಉಳಿದ ಒಂದು. ಅದು ಸತ್ತರೆ ಎಷ್ಟು ಹ್ಯಾಚರಿ ನಡೆಸಿದರೂ ನಷ್ಟ ತುಂಬುವುದಿಲ್ಲ.

ಸಾಯುತ್ತಿರುವುದು ಅವೇ. 2025ರ ಜನವರಿಯನ್ನು ಇಲ್ಲಿನ ಸ್ವಯಂಸೇವಕರು ಯಾರೂ ಮರೆಯುವಂತಿಲ್ಲ. ಚೆನ್ನೈ ಮತ್ತು ಅದರ ದಕ್ಷಿಣದ ತೀರದಲ್ಲಿ ಸಾವಿರಕ್ಕೂ ಹೆಚ್ಚು ಸತ್ತ ಆಮೆಗಳು ತೇಲಿಬಂದವೆಂದು ಪತ್ರಿಕೆಗಳು ಬರೆದವು. ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ಆ ವಾರಗಳಲ್ಲಿ ನಮ್ಮ ನಡಿಗೆಯ ರೀತಿಯೇ ಬದಲಾಯಿತು. ಗೂಡು ಹುಡುಕುವುದಕ್ಕಿಂತ ಹೆಣ ಎಣಿಸುವುದೇ ಹೆಚ್ಚು. ಪ್ರತಿಯೊಂದರ ಚಿಪ್ಪಿನ ಉದ್ದ ಅಳೆಯಬೇಕು. ಬಾಲ ನೋಡಿ ಗಂಡೋ ಹೆಣ್ಣೋ ಬರೆಯಬೇಕು, ಗಂಡಿಗೆ ಬಾಲ ಉದ್ದ. ನಾಳೆ ಮತ್ತೆ ಅದನ್ನೇ ಎಣಿಸದಂತೆ ಗುರುತು ಹಾಕಬೇಕು. ಕತ್ತು ಊದಿ, ಕಣ್ಣು ಹೊರಬಂದಿರುತ್ತಿತ್ತು. ನೀರಿನಲ್ಲಿ ಉಸಿರುಗಟ್ಟಿ ಸತ್ತದ್ದರ ಲಕ್ಷಣ ಅದು. ಆಮೆ ಗಾಳಿ ಉಸಿರಾಡುವ ಪ್ರಾಣಿ. ಟ್ರಾಲ್ ಬಲೆಯಲ್ಲಿ ಸಿಕ್ಕಿ, ಬಲೆಯನ್ನು ಗಂಟೆಗಟ್ಟಲೆ ನೀರಿನಡಿಯಲ್ಲೇ ಎಳೆದರೆ, ಮೇಲೆ ಬಂದು ಉಸಿರು ತೆಗೆದುಕೊಳ್ಳಲಾಗದೆ ಮುಳುಗಿ ಸಾಯುತ್ತದೆ. ಹದಿನೆಂಟು ಹತ್ತೊಂಬತ್ತರ ಹುಡುಗ ಹುಡುಗಿಯರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಟೇಪು ಹಿಡಿದು ಅಳೆಯುತ್ತಿದ್ದರು, ಒಬ್ಬರೂ ಮಾತಾಡುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಊರಿಗೆ ಹೋದಾಗ ಮಾವನ ಹತ್ತಿರ ಈ ವಿಷಯ ತೆಗೆದೆ. ಅಮ್ಮನ ತಮ್ಮ. ಮೂವತ್ತು ವರ್ಷ ಟ್ರಾಲ್ ಬೋಟಿನಲ್ಲಿ ದುಡಿದವರು. ನನ್ನ ಕಾಲೇಜು ಫೀಸಿಗೆ ಒಂದೆರಡು ಸಲ ಅವರ ದುಡ್ಡೇ ಬಂದದ್ದು. ಅಂದರೆ ಟ್ರಾಲ್ ಬಲೆಯ ದುಡ್ಡು.

"ಆಮೆ ಬಲೆಗೆ ಬಿದ್ರೆ ನಮ್ಗೆ ಲಾಭ ಅಂತ ಮಾಡಿದ್ಯಾ? ಬಲೆ ಹರಿತದೆ. ಅದು ದೇವ್ರು ಮಾರಾಯ್ತಿ, ಜೀವ ಇದ್ರೆ ಕೈ ಮುಗಿದು ಬಿಡ್ತೇವೆ," ಎಂದರು.

"ಜೀವ ಇಲ್ದಿದ್ರೆ?"

ಅವರು ಉತ್ತರ ಕೊಡಲಿಲ್ಲ. ನಾನು ಟಿಇಡಿ ವಿಷಯ ಹೇಳಿದೆ. ಬಲೆಯ ಕುತ್ತಿಗೆಯಲ್ಲಿ ಕೂರಿಸುವ ಲೋಹದ ಕಂಬಿಗಳ ಜಾಲರಿ ಅದು. ಸಿಗಡಿ, ಸಣ್ಣ ಮೀನು ಕಂಬಿಗಳ ಸಂದಿನಿಂದ ಒಳಗೆ ಹೋಗುತ್ತವೆ. ಆಮೆ ತಡೆದು, ಮೇಲೋ ಕೆಳಗೋ ಇರುವ ಕಿಂಡಿಯಿಂದ ಹೊರಗೆ ಹೋಗುತ್ತದೆ. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬೋಟುಗಳಿಗೆ ಹೊಂದುವಂಥದ್ದನ್ನು ತಯಾರಿಸಿದೆ. ಮಾವ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಆ ಕಿಂಡಿಯಲ್ಲಿ ಆಮೆ ಮಾತ್ರ ಹೋಪುದಾ? ದೊಡ್ಡ ಮೀನೂ ಹೋತದೆ. ನಿನ್ನ ಸಂಬಳದಲ್ಲಿ ಪ್ರತಿ ತಿಂಗಳು ಒಂಚೂರು ಸಮುದ್ರಕ್ಕೆ ಹಾಕು ಅಂದ್ರೆ ಹಾಕ್ತ್ಯಾ ನೀನು?" ಎಂದರು.

ನಾನು ವಾದ ಮಾಡಲಿಲ್ಲ. ಡೀಸೆಲ್ ಬೆಲೆ, ಬೋಟಿನ ಸಾಲದ ಕಂತು, ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವ ಮೀನು, ಇವನ್ನೆಲ್ಲ ನಾನು ಬಾಲ್ಯದಿಂದ ಆ ಮನೆಯ ಜಗುಲಿಯಲ್ಲಿ ಕೇಳಿದವಳೇ. ಆದರೆ ಆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಆಮೆ ಉಳಿಸುವ ಖರ್ಚನ್ನು ಯಾರು ಕೊಡಬೇಕು? ಈಗಿರುವಂತೆ ಅದನ್ನು ಬೋಟಿನವನೊಬ್ಬನ ತಲೆಗೆ ಕಟ್ಟಿ, ನಾವು ಮರಿ ಬಿಡುವ ಫೋಟೋ ಹಾಕಿಕೊಳ್ಳುತ್ತೇವೆ. ಸಿಗಡಿ ತಿನ್ನುವವರು ನಾವು. ಕಿಂಡಿಯಿಂದ ಹೋದ ಮೀನಿನ ಬೆಲೆಯಲ್ಲಿ ನಮ್ಮ ಪಾಲೂ ಇರಬೇಕಲ್ಲವೇ? ಸರ್ಕಾರ ಸಬ್ಸಿಡಿ ಕೊಟ್ಟರೂ ಸರಿ, ಆಮೆಗೆ ತೊಂದರೆಯಿಲ್ಲದೆ ಹಿಡಿದ ಮೀನಿಗೆ ನಾವು ನಾಲ್ಕು ಕಾಸು ಹೆಚ್ಚು ಕೊಟ್ಟರೂ ಸರಿ. ಪೂರ್ವ ಕರಾವಳಿಯಲ್ಲಿ ಮೀನುಗಾರಿಕೆಗೆ 61 ದಿನಗಳ ರಜೆಯಿದೆ. ಅದು ಏಪ್ರಿಲ್ 15ರಿಂದ ಜೂನ್ 14ರವರೆಗೆ. ಮೀನುಗಳು ಮರಿ ಮಾಡುವ ಕಾಲಕ್ಕೆಂದು ಮಾಡಿದ ನಿಯಮ. ಆಮೆಗಳು ತೀರದ ಹತ್ತಿರ ಸೇರುವ ಜನವರಿ, ಫೆಬ್ರವರಿಗೆ ಅದು ಒದಗುವುದಿಲ್ಲ. ಆ ತಿಂಗಳುಗಳಲ್ಲಿ ದಡಕ್ಕೆ ಹತ್ತಿರ ಟ್ರಾಲ್ ಎಳೆಯಬಾರದೆಂಬ ಕಾನೂನನ್ನು ಸರಿಯಾಗಿ ಜಾರಿ ಮಾಡಿದರೂ ಬಹಳಷ್ಟು ಜೀವ ಉಳಿದೀತು.

ಸಮುದ್ರದಲ್ಲಿ ನಡೆಯುವುದು ನನ್ನ ಕೈಯಲ್ಲಿಲ್ಲ. ಬೆಳಕಿನ ವಿಷಯದಲ್ಲಿ ಏನಾದರೂ ಮಾಡಬಹುದು ಅನ್ನಿಸಿತು. ಅದೂ ಅಂದುಕೊಂಡಷ್ಟು ಸುಲಭವಲ್ಲ. ಮೀನುಗಾರರ ಕುಪ್ಪದ ಹೆಂಗಸೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು, "ಹತ್ತು ವರ್ಷ ಅರ್ಜಿ ಹಾಕಿ ಈ ದೀಪ ತರಿಸಿದ್ದೇವೆ. ರಾತ್ರಿ ಹೆಣ್ಣುಮಕ್ಕಳು ಹೊರಗೆ ಹೋಗಬೇಕು, ಮೂರು ಗಂಟೆಗೆ ಬಲೆ ಬಿಡಿಸಬೇಕು. ನಿಮ್ಮ ಆಮೆಗೋಸ್ಕರ ಆರಿಸಬೇಕಾ?" ಎಂದು. ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಹಾಗಾಗಿ ನಾವು ಒಂದಷ್ಟು ಜನ ಸೇರಿ ಬೇರೆ ಪಟ್ಟಿ ಮಾಡಿದೆವು. ಯಾರಿಗೂ ದಾರಿ ತೋರಿಸದ ದೀಪಗಳ ಪಟ್ಟಿ ಅದು. ಟೆರೇಸಿನ ಅಲಂಕಾರದ ದೀಪ, ಬೀಚಿಗೆ ಮುಖ ಮಾಡಿದ ಹೋರ್ಡಿಂಗ್, ತೋಟದ ತೆಂಗಿನ ಮರಗಳಿಗೆ ಕೆಳಗಿನಿಂದ ಹೊಡೆಯುವ ಫ್ಲಡ್‌ಲೈಟ್. ಅಂಥ ಮನೆಗಳಿಗೆ, ಅಪಾರ್ಟ್‌ಮೆಂಟ್ ಸಂಘಗಳಿಗೆ ಹೋಗಿ, ಜನವರಿಯಿಂದ ಏಪ್ರಿಲ್‌ವರೆಗೆ ರಾತ್ರಿ ಹನ್ನೊಂದರ ಮೇಲೆ ಆರಿಸಿ, ಇಲ್ಲವೇ ಮುಖ ಕೆಳಕ್ಕೆ ತಿರುಗಿಸಿ ಎಂದು ಕೇಳಿಕೊಂಡೆವು.

ನನ್ನ ಅಡ್ಡಾದಿಡ್ಡಿ ತಮಿಳಿನಲ್ಲಿ ನಾನೂ ಮಾತಾಡಿದೆ. ಹನ್ನೊಂದು ಕಡೆ ಹೋದದ್ದಕ್ಕೆ ಮೂರು ಕಡೆ ಒಪ್ಪಿದರು. ಒಂದು ಕಡೆ ವಾಚ್‌ಮನ್ ಒಪ್ಪಿದರೂ ಯಜಮಾನರು ಒಪ್ಪಲಿಲ್ಲ. ಇನ್ನೊಂದು ಕಡೆ ಯಜಮಾನಿ ಕಾಫಿ ಕೊಟ್ಟು, ಎಲ್ಲ ಕೇಳಿ, "ದೀಪ ಇದ್ದರೇನೇ ಮನೆಗೆ ಲಕ್ಷಣ" ಎಂದು ಕಳಿಸಿದರು. ಮೂರೇ ಮೂರು. ಆಫೀಸಿನಲ್ಲಿ ಈ ನಂಬರು ತೋರಿಸಿದರೆ ಪ್ರಾಜೆಕ್ಟ್ ನಿಲ್ಲಿಸಿಬಿಡುತ್ತಾರೆ. ಆದರೆ ಆ ಮೂರು ಕಟ್ಟಡಗಳ ಮುಂದಿನ ಮರಳಿನಲ್ಲಿ ಈಗ ನಡೆಯುವಾಗ ನನ್ನ ನೆರಳು ಬೀಳುವುದಿಲ್ಲ. ನಡೆದವರಿಗೆ ಮಾತ್ರ ಗೊತ್ತಾಗುವ ವ್ಯತ್ಯಾಸ ಅದು.

"ರಾತ್ರಿ ಹೊತ್ತಲ್ಲಿ ಹೆಣ್ಮಕ್ಳು ಸಮುದ್ರದ ಬದಿಗೆ ಎಂತಕೆ ಹೋಪುದು ಮಾರಾಯ್ತಿ?" ಎಂದು ಅಮ್ಮ ಇವತ್ತಿಗೂ ಫೋನಿನಲ್ಲಿ ಕೇಳುತ್ತಾಳೆ. ಅವಳಿಗೆ ನಾನು ಹೇಳುವ ಉತ್ತರ ವರ್ಷದಿಂದ ವರ್ಷಕ್ಕೆ ಬದಲಾಗಿದೆ. ಮೊದಲು "ಆಮೆ ಉಳಿಸೋಕೆ" ಎನ್ನುತ್ತಿದ್ದೆ. ಈಗ ಅಷ್ಟು ದೊಡ್ಡ ಮಾತು ಬಾಯಿಗೆ ಬರುವುದಿಲ್ಲ. ಐವತ್ತು ವರ್ಷಗಳಿಂದ ಯಾರೋ ಒಬ್ಬರು ಪ್ರತಿ ಸೀಸನ್ನಿನಲ್ಲಿ ಈ ತೀರದಲ್ಲಿ ನಡೆದು ಎಷ್ಟು ಗೂಡು, ಎಷ್ಟು ಹೆಣ ಎಂದು ಬರೆದಿಟ್ಟಿದ್ದಾರೆ. ಆ ಪುಸ್ತಕ ಇಲ್ಲದಿದ್ದರೆ 2025ರಲ್ಲಿ ಆದದ್ದು ಮಾಮೂಲಿಯಲ್ಲ ಎಂದು ಅಧಿಕಾರಿಗಳ ಮುಂದೆ ಹೇಳಲು ಆಧಾರವೇ ಇರುತ್ತಿರಲಿಲ್ಲ. ಆ ಸಾಲಿನಲ್ಲಿ ಒಂದಷ್ಟು ಶನಿವಾರಗಳು ನನ್ನವು. ನಾನು ನೋಡಿದ ಮರಿಗಳಲ್ಲಿ ಹೆಣ್ಣು ಯಾವುದಾದರೂ ಉಳಿದರೆ ಅದು ಮೊಟ್ಟೆಯಿಡಲು ಬರುವುದಕ್ಕೆ ಹತ್ತು ಹದಿನೈದು ವರ್ಷ ಬೇಕು. ಅಷ್ಟರಲ್ಲಿ ನಾನು ಐವತ್ತು ದಾಟಿರುತ್ತೇನೆ. ನನ್ನ ಕಂಪೆನಿ ಯಾವ ಊರಿಗೆ ಕಳಿಸಿರುತ್ತದೋ. ಆಗ ಆ ಗೂಡಿಗೆ ಕೋಲು ಊರುವವರು ಬೇರೆ ಯಾರೋ.

ಈ ಪತ್ರಿಕೆ ಓದುವ ನೀವು ಬೇರೆಬೇರೆ ಊರುಗಳಲ್ಲಿದ್ದೀರಿ. ಚೆನ್ನೈನಲ್ಲಿದ್ದರೆ ಜನವರಿಯ ಮೇಲೆ ಯಾವುದಾದರೂ ವಾರಾಂತ್ಯ ಬನ್ನಿ. ಫ್ಲ್ಯಾಶ್ ಇಲ್ಲದೆ ಬನ್ನಿ, ನೀರು ತನ್ನಿ. ಆಮೆ ಕಂಡೇ ಕಾಣುತ್ತದೆ ಎಂಬ ಭರವಸೆ ಬೇಡ. ಮುಂಬೈ, ಪುಣೆಯವರಿಗೆ ರತ್ನಗಿರಿ ಜಿಲ್ಲೆಯ ವೇಳಾಸ್ ಇದೆ, ಅಲ್ಲಿ ಊರಿನವರೇ ಮನೆಗಳಲ್ಲಿ ಉಳಿಸಿಕೊಂಡು ಆಮೆಮರಿ ತೋರಿಸುತ್ತಾರೆ. ಹೈದರಾಬಾದಿನವರಿಗೆ ಅಮೀನ್‌ಪುರ ಕೆರೆಯ ಹಕ್ಕಿಗಳಿವೆ. ದೆಹಲಿಯವರಿಗೆ ಹಳೆಯ ಗಣಿಗುಂಡಿಗಳ ಮೇಲೆ ಮತ್ತೆ ಬೆಳೆಸಿದ ಅರಾವಳಿ ಜೀವವೈವಿಧ್ಯ ಉದ್ಯಾನವಿದೆ. ಎಲ್ಲೂ ಹೋಗಲಾಗದವರು ಫೆಬ್ರವರಿಯ ಹಕ್ಕಿ ಎಣಿಕೆಯ ನಾಲ್ಕು ದಿನಗಳಲ್ಲಿ ಬಾಲ್ಕನಿಯಿಂದ ಹದಿನೈದು ನಿಮಿಷ ಹಕ್ಕಿ ಎಣಿಸಿ ದಾಖಲಿಸಬಹುದು. ಮತ್ತೆ ಊರಿಗೆ ಹೋದಾಗ ನೆನಪಿರಲಿ, ಇದೇ ಆಲಿವ್ ರಿಡ್ಲಿಗಳು ನಮ್ಮ ಕುಂದಾಪುರದ ಕೋಡಿಗೂ, ಹೊನ್ನಾವರದ ಕಾಸರಕೋಡು ಟೊಂಕಕ್ಕೂ, ಕಾರವಾರದ ಕಡೆಗೂ ಮೊಟ್ಟೆಯಿಡಲು ಬರುತ್ತವೆ. ನಾನು ಬೆಳೆದ ಊರಿನ ಪಕ್ಕದ ಮರಳಿಗೇ ಇವು ಬರುತ್ತವೆಂದು ನನಗೆ ಗೊತ್ತಾದದ್ದು ಚೆನ್ನೈಗೆ ಬಂದಮೇಲೆ.

ಕಳೆದ ಸಲ ಊರಿನಿಂದ ಹೊರಡುವಾಗ ಮಾವ ಬಸ್‌ಸ್ಟ್ಯಾಂಡಿನವರೆಗೆ ಬಂದಿದ್ದರು. "ಆ ಕಂಬಿಯದ್ದು ಫೋಟೋ ಇದ್ರೆ ಫೋನಿಗೆ ಕಳ್ಸು, ನಮ್ ಬೋಟಿನವ್ರಿಗೆ ತೋರ್ಸಿ ಕಾಂಬ," ಎಂದರು. ಕಳಿಸಿದ್ದೇನೆ. ಎರಡು ನೀಲಿ ಟಿಕ್ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.